ಕಿಟಕಿಯಿಲ್ಲದ ಕೋಣೆಯಲ್ಲಿ ಏಕಾದಶಿ

ಚಿನ್ನೂ, ಪುಟ್ಟೀ, ಹಡಗಿನಲ್ಲಿ ಅಜ್ಜಿಯರಿಬ್ಬರೂ ಹಗಲೆಲ್ಲ ಬಾಗಿಲು ಹಾಕಿಕೊಂಡು ಜಪ ಮಾಡುತ್ತ ಕೂತಿದ್ದರು ಎಂದು ನೀವು ಬಂದವರಿಗೆಲ್ಲ ಹೇಳುತ್ತೀರಿ. ಒಳಗೆ ನಡೆದದ್ದನ್ನು ಬಾಯಿಬಿಟ್ಟು ಹೇಳಲು ನನಗೆ ಸಂಕೋಚ. ಆದ್ದರಿಂದ ಬರೆಯುತ್ತಿದ್ದೇನೆ.

ನಿಮ್ಮ ಅಪ್ಪ ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗುವ ಆ ದೊಡ್ಡ ಹಡಗಿಗೆ ಟಿಕೆಟ್ ತೆಗೆಸಿದಾಗ ನಿಮಗೆಲ್ಲ ಕಿಟಕಿಯ ಕೋಣೆ ಸಿಕ್ಕಿತು. ನನಗೂ ವಾಡಿ ಅಜ್ಜಿಗೂ ಹಡಗಿನ ಮೂತಿಯ ಕಡೆ ಒಂದು ಒಳಕೋಣೆ. ನಿಮಗೆ ಅವರು ಅಪ್ಪನ ತಾಯಿ, ನನಗೆ ಬೀಗಿತ್ತಿ. ಅವರ ಎದುರು ಕಾಲು ಚಾಚಿ ಕೂಡುವುದಕ್ಕೂ ನನಗೆ ಮುಜುಗರ. ಹೆಣ್ಣು ಕೊಟ್ಟವರ ಒಂದು ತಪ್ಪು ಮಗಳ ಮೇಲೆ ಎಷ್ಟು ವರ್ಷ ಕೂಡುತ್ತದೆ ಎಂಬುದನ್ನು ನಾನು ನಮ್ಮ ಸೇಡಂನ ಮನೆಮನೆಗಳಲ್ಲಿ ನೋಡಿದವಳು.

ಹಡಗು ಹತ್ತಿದ ಮರುದಿನ ಏಕಾದಶಿ. ಡಾಕ್ಟರು ಹೇಳಿದ ಮೇಲೆ ಮನೆಯಲ್ಲಿ ನಾನು ಆ ದಿನ ಹಾಲು, ಬಾಳೆಹಣ್ಣು ತೆಗೆದುಕೊಳ್ಳುತ್ತಿದ್ದೆ. ನಿಮ್ಮ ಅಮ್ಮನಿಗೆ ಅದು ಗೊತ್ತಿರಲಿಲ್ಲ. ಬೆಳಗ್ಗೆ ಎಲ್ಲರೂ ಕೂತಿರುವಾಗ, ನಮ್ಮವ್ವ ಇವತ್ತು ನೀರೂ ಮುಟ್ಟಂಗಿಲ್ಲ ಎಂದು ಹೆಮ್ಮೆಯಿಂದ ಹೇಳಿಬಿಟ್ಟಳು. ಬೀಗಿತ್ತಿ ತಡಮಾಡಲಿಲ್ಲ. ತಮ್ಮದೂ ನಿರ್ಜಲವೇ ಎಂದರು. ಅಲ್ಲಿಗೆ ಮಾತು ಮುಗಿಯಿತು. ತಲೆಸುತ್ತು, ಓಕರಿಕೆ ಬರದಂತೆ ಅಪ್ಪ ಕೊಟ್ಟಿದ್ದ ಗುಳಿಗೆಯನ್ನು ನೀರಿಲ್ಲದೆ ನುಂಗುವುದು ಹೇಗೆ? ಇಬ್ಬರೂ ದಿಂಬಿನ ಕೆಳಗೆ ಇಟ್ಟೆವು.

ದಂಡೆ ಕಾಣದಷ್ಟು ದೂರ ಹೋದ ಮೇಲೆ ಹಡಗು ಮೆಲ್ಲಗೆ ಏಳುವುದು, ಇಳಿಯುವುದು ಶುರುವಾಯಿತು. ಗೋಡೆ ನಿಂತಲ್ಲೇ ಇರುತ್ತದೆ, ಹೊಟ್ಟೆ ಮಾತ್ರ ಕೆಳಗೆ ಹೋಗುತ್ತದೆ. ಕಣ್ಣು ಮುಚ್ಚಿದರೆ ಇನ್ನೂ ಹೆಚ್ಚು. ನೋಡಲು ಆಕಾಶವಿಲ್ಲ, ತೆರೆಯಲು ಕಿಟಕಿಯಿಲ್ಲ. ಚಿತ್ತಾಪುರದ ಬಸ್ಸಾದರೆ ನಿಲ್ಲಿಸಿ ಎಂದು ಇಳಿದು ಬೇವಿನ ನೆರಳಲ್ಲಿ ಕೂಡಬಹುದು. ಇಲ್ಲಿ ಇಳಿಯುವುದೆಲ್ಲಿ? ನಾನು ಗೋಡೆಯ ಕಡೆ ಮುಖ ಮಾಡಿ ಹಲ್ಲು ಕಚ್ಚಿ ಮಲಗಿದೆ. ಬೀಗಿತ್ತಿ ತುಳಸಿಮಣಿ ಎಣಿಸುತ್ತಿದ್ದರು. ರೈಲು ಹೋದಾಗಲೆಲ್ಲ ನಡುಗುವ ವಾಡಿಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಸಂಸಾರ ಮಾಡಿದ ತಮಗೆ ಅಲುಗಾಡುವುದೇನೂ ಹೊಸದಲ್ಲ ಎಂದು ಒಮ್ಮೆ ಅಂದರು. ಆಮೇಲೆ ಅವರ ಮಾತೂ ನಿಂತಿತು, ಮಣಿಯ ಸದ್ದೂ ನಿಂತಿತು.

ಮಧ್ಯಾಹ್ನ ನಿಮ್ಮ ಅಮ್ಮ ಬಂದು ಇಣುಕಿದಳು. ಹೇಗಿದ್ದೀರಿ ಎಂದರೆ ಇಬ್ಬರೂ ಚೆನ್ನಾಗಿದ್ದೇವೆ ಎಂದೆವು. ಅವಳು ಸಂತೋಷದಿಂದ ಬಾಗಿಲು ಎಳೆದುಕೊಂಡು ಹೋದಳು. ಆ ಬಾಗಿಲು ಮುಚ್ಚಿದ ಸದ್ದಿಗೆ ನನಗೆ ಅಳು ಬಂತು.

ಕಡೆಗೆ ತಡೆಯಲಾರದೆ ಬಚ್ಚಲಿಗೆ ಹೋಗಿ, ಸದ್ದು ಕೇಳದಿರಲಿ ಎಂದು ನಲ್ಲಿ ಬಿಟ್ಟು ವಾಂತಿ ಮಾಡಿದೆ. ಖಾಲಿ ಹೊಟ್ಟೆ, ಬರೀ ಪಿತ್ತ. ಹೊರಗಿನಿಂದ ಬಾಗಿಲು ಬಡಿದರು. ತೆರೆದರೆ ಬೀಗಿತ್ತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲದ ಮೇಲೆ ಕೂತಿದ್ದಾರೆ. ಅವರನ್ನು ಒಳಗೆ ಹಿಡಿದುಕೊಂಡು ಹೋಗಿ ಬೆನ್ನು ಸವರಿದೆ. ಮಂಚಕ್ಕೆ ಕರೆತಂದು ಕೂಡಿಸಿದ ಮೇಲೆ, ನಾನೆಂದೂ ಮಾಡದ ಧೈರ್ಯ ಮಾಡಿದೆ.

"ಬೀಗ್ತ್ಯಾರ, ನಾ ಗುಳಿಗಿ ನುಂಗ್ತೀನ್ರಿ. ಏನರೆ ತಿಂತೀನಿ. ನನಗ ಏನ್ ಬೇಕಾದ್ದು ಅನ್ರಿ, ನನ್ನ ಮಗಳಿಗೆ ಮಾತ್ರ ಅನಬ್ಯಾಡ್ರಿ."

ಅವರು ಸೆರಗಿನಿಂದ ಬಾಯಿ ಒರೆಸಿಕೊಂಡರು.

"ನಾ ಯಾವಾಗ ತಿನಬ್ಯಾಡ ಅಂದೀನ್ರಿ? ನಿಮ್ಮ ಮಗಳು ನಿಮ್ಮ ನಿರ್ಜಲದ ಡಂಗುರ ಹೊಡದ ಮ್ಯಾಲ ನಾ ಹ್ಯಾಂಗ ಹಣ್ಣು ಕೇಳ್ಲಿ? ಮನ್ಯಾಗ ನಾ ಚಾ ಸೈತ ಬಿಡಂಗಿಲ್ಲ."

ನನಗೆ ನಗು ಬಂತು. ನಕ್ಕರೆ ಮತ್ತೆ ಓಕರಿಕೆ. ಮಂಚದ ಪಕ್ಕದ ಫೋನು ಎತ್ತಿ ನನಗೆ ಬರುವ ಅರೆಬರೆ ಹಿಂದಿಯಲ್ಲಿ ತಿನ್ನಲು ಏನಾದರೂ ಕೇಳಿದೆ. ಹಡಗಿನ ಹುಡುಗಿಯೊಬ್ಬಳು ಒಣ ಟೋಸ್ಟು, ಶುಂಠಿ ಹಾಕಿದ ನೀರು ತಂದಳು. ಗುಳಿಗೆಯನ್ನು ಹಡಗು ಹತ್ತುವ ಮೊದಲೇ ನುಂಗಬೇಕಿತ್ತು, ಖಾಲಿ ಹೊಟ್ಟೆಯಲ್ಲಿ ಇರಲೇಬಾರದು ಎಂದಳು. ಟೋಸ್ಟನ್ನು ಚೂರು ಚೂರು ತಿಂದು, ಸ್ವಲ್ಪ ಸ್ವಲ್ಪವೇ ಗುಟುಕರಿಸಿ, ಗುಳಿಗೆ ನುಂಗಿದೆವು. ಆಮೇಲೆ ಅವಳು ಉಳಿದ ಟೋಸ್ಟಿನ ಸಮೇತ ನಮ್ಮನ್ನು ಹಡಗಿನ ನಡುಭಾಗಕ್ಕೆ ಕರೆದೊಯ್ದು ಗಾಳಿಯಲ್ಲಿ ಕೂಡಿಸಿದಳು. ನಡುವೆ ತೂಗಾಟ ಕಡಿಮೆಯಂತೆ. ನೀರು, ಆಕಾಶ ಕೂಡುವ ಗೆರೆಯನ್ನೇ ನೋಡುತ್ತಿರಿ, ಮೊಬೈಲು ನೋಡಬೇಡಿ ಎಂದು ಹೇಳಿ ಹೋದಳು. ಕೂಡಲೇ ಏನೂ ಆರಾಮ ಆಗಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ತಲೆ ನನ್ನದು ಅನ್ನಿಸಿತು.

ಅಷ್ಟರಲ್ಲಿ ನಿಮ್ಮ ಅಮ್ಮ ಬಂದಳು. ನನ್ನ ಕೈಯಲ್ಲಿದ್ದ ಟೋಸ್ಟು ನೋಡಿ ಅವಳ ಮುಖ ಸಣ್ಣದಾಯಿತು. ಏಕಾದಶಿಯಲ್ಲವೇ ಎಂದು ಕೇಳಲು ಬಾಯಿ ತೆರೆದಳು. ನನಗೆ ಮತ್ತೆ ಆ ಕೋಣೆಯೊಳಗೇ ಹೋದಂತಾಯಿತು.

ಬೀಗಿತ್ತಿ ತಮ್ಮ ಟೋಸ್ಟು ಮುರಿಯುತ್ತ ಹೇಳಿದರು: "ನಿಮ್ಮವ್ವ ಒಲ್ಲೆ ಅಂತನೇ ಇದ್ದರು. ನನ್ನ ಸಂಗಾಟ ತಿನ್ನಲಿಲ್ಲಂದ್ರ ನಾನೂ ತಿನ್ನಂಗಿಲ್ಲ ಅಂತ ನಾನೇ ಹಟ ಹಿಡದೆ. ಅವರಿಗೇನೂ ಅನಬ್ಯಾಡ."

ವಾಡಿ ಅಜ್ಜಿ ಇವತ್ತಿಗೂ ಎಲ್ಲರೆದುರು ಹೀಗೇ ಹೇಳುತ್ತಾರೆ. ಆದರೆ ಮೊದಲು ತಿನ್ನುತ್ತೇನೆ ಎಂದವಳು ನಾನು. ಎದುರಿಗೆ ಅವರ ಮಾತು ತಿದ್ದುವುದು ನನ್ನಿಂದಾಗದು, ಅವರೂ ಬಿಡುವುದಿಲ್ಲ. ನೀವಾದರೂ ನಿಜ ತಿಳಿದಿರಬೇಕು. ಮಕ್ಕಳೇ, ಈ ಹಾಳೆಗಳನ್ನು ರದ್ದಿಗೆ ಹಾಕಬೇಡಿ, ಎಲ್ಲಾದರೂ ಜೋಪಾನವಾಗಿ ಇಟ್ಟುಕೊಳ್ಳಿ.