ಸೊಪ್ಪು ಕಡಿದ ಗುಡ್ಡದ ತೂಕ

ಅಳದಂಗಡಿಯ ಭವ್ಯಶ್ರೀಗೆ ಮರ ಅಳೆಯುವ ಕೆಲಸ ಸಿಕ್ಕಿದಾಗ ಊರವರು ನಕ್ಕಿದ್ದರು. ಮಾರುವ ಮರವಾದರೆ ಅಳೆಯಬೇಕು, ಸುಮ್ಮನೆ ನಿಂತ ಮರವನ್ನು ಅಳೆದು ಏನು ಉಪ್ಪಿನಕಾಯಿ ಹಾಕುವುದೇ ಎಂದರು. ಅವಳಿಗೆ ಮಾತ್ರ ಆ ಕೆಲಸವೆಂದರೆ ಜೀವ. ಮನೆಯ ಹಿಂದಿನ ಸರಕಾರಿ ಗುಡ್ಡದಲ್ಲಿ ಮತ್ತಿ, ನೇರಳೆ ಮರಗಳಿಗೆ ಟೇಪು ಸುತ್ತಿ, ಅಳತೆಯನ್ನು ಮೂಡುಬಿದಿರೆಯ ಕಾಲೇಜಿಗೆ ಕಳಿಸುತ್ತಿದ್ದಳು. ಸುತ್ತಳತೆಯಿಂದ ಮರದ ತೂಕ, ತೂಕದಿಂದ ಅದು ಹಿಡಿದಿಟ್ಟ ಇಂಗಾಲ ಎಷ್ಟೆಂದು ಅಲ್ಲಿನ ಅಧ್ಯಾಪಕ ಶೋಧನ್ ಲೆಕ್ಕ ಹಾಕುತ್ತಿದ್ದರು. ಅದು ಉಪಗ್ರಹದ ಚಿತ್ರದಲ್ಲಿ ಕಾಣುವ ಹಸಿರಿಗೆ ತಾಳೆಯಾದರೆ ಇಡೀ ತಾಲೂಕಿನ ಕಾಡನ್ನು ಕೂತಲ್ಲೇ ತೂಗಬಹುದು ಎಂಬುದು ಅವರ ಆಸೆ. ಯಾರೂ ಮರ ಕಡಿಯದ ಗುಡ್ಡವೇ ಆಗಬೇಕೆಂದು ಮೊದಲೇ ಹೇಳಿದ್ದರು. ನಮ್ಮಲ್ಲಿ ಯಾರೂ ಕಡಿಯುವುದಿಲ್ಲವೆಂದು ಭವ್ಯಶ್ರೀ ಮಾತು ಕೊಟ್ಟಿದ್ದಳು.

ಮೂರು ವರ್ಷವಾದರೂ ತಾಳೆಯಾಗಲಿಲ್ಲ. ಟೇಪಿನ ಪ್ರಕಾರ ಮರಗಳು ದಪ್ಪವಾಗುತ್ತಿದ್ದವು. ಉಪಗ್ರಹದ ಚಿತ್ರದಲ್ಲಿ ಮಾತ್ರ ಪ್ರತಿ ಮಳೆಗಾಲ ಕಳೆದಾಗಲೂ ಹಸಿರು ಸೊರಗಿರುತ್ತಿತ್ತು. ಶೋಧನ್ ಅವಳನ್ನು ಕಾಲೇಜಿಗೆ ಕರೆಸಿ ಚಿತ್ರಗಳನ್ನು ತೋರಿಸಿದರು.

"ಮರಗಳಿಗೆ ರೋಗ ಬಂದ ಹಾಗೆ ಕಾಣ್ತದೆ. ಕಡಿದು ಹೊಸ ಗಿಡ ನೆಡಲಿ ಅಂತ ಇಲಾಖೆಗೆ ಬರೀತೇನೆ."

ಆ ರೋಗ ಯಾವುದೆಂದು ಭವ್ಯಶ್ರೀಗೆ ಹೊಳೆದದ್ದು ಆಗಲೇ: ಅವಳ ಅತ್ತೆ ಶಶಿಪ್ರಭಾ. ಮಳೆಗಾಲದಲ್ಲಿ ಹಟ್ಟಿಯ ದನಗಳಿಗೆ ಹಾಸಲು ಅತ್ತೆ, ನೆರೆಯವರು, ಬಿಡುವಿದ್ದರೆ ಸ್ವತಃ ಭವ್ಯಶ್ರೀಯೂ ಆ ಮರಗಳ ಸೊಪ್ಪನ್ನೇ ಕಡಿದು ತರುತ್ತಿದ್ದರು. ಬಾಯಿ ಬಿಟ್ಟರೆ ಮೂರು ವರ್ಷದ ಅಳತೆ ನೀರುಪಾಲು, ಸುಮ್ಮನಿದ್ದರೆ ಗುಡ್ಡವೇ ಬೋಳು.

"ರೋಗ ಅಲ್ಲ ಸರ್. ನಾವು ಹಟ್ಟಿಗೆ ಸೊಪ್ಪು ಕಡಿಯುವುದು."

"ಯಾರೂ ಕಡಿಯುವುದಿಲ್ಲ ಅಂತ ನೀವೇ ಹೇಳಿದ್ದಲ್ವಾ?"

"ಮರ ಕಡಿಯುವುದಿಲ್ಲ ಸರ್. ಸೊಪ್ಪನ್ನೂ ಹೇಳಬೇಕು ಅಂತ ತೋರಲೇ ಇಲ್ಲ ನನಗೆ."

ಅವರು ಬೈಯಲಿಲ್ಲ. ಇಲಾಖೆಗೆ ಬರೆಯುವುದಿಲ್ಲ, ಆದರೆ ಸೊಪ್ಪು ಕಡಿದ ಮರ ಚಿತ್ರಕ್ಕೆ ತಾಳೆಯಾಗದ ಕಾರಣ ಈ ಗುಡ್ಡದ ಅಳತೆ ಕೈಬಿಡಬೇಕಾಗುತ್ತದೆ ಎಂದರು. ಮರಗಳು ಉಳಿದವೆಂಬ ಸಮಾಧಾನವಿದ್ದರೂ ಬಸ್ಸಿನಲ್ಲಿ ಅವಳಿಗೆ ಅಳು ತಡೆಯಲಾಗಲಿಲ್ಲ.

ಮುಂದಿನ ಮಳೆಗಾಲಕ್ಕೆ ಇಂಗಾಲದ ನಕ್ಷೆ ಸಿದ್ಧವಾಗಿ ಮೊಬೈಲಿಗೆ ಬಂತು. ಅಳೆದ ಗುಡ್ಡಗಳಿಗೆಲ್ಲ ಒಂದೊಂದು ಕೆಂಪು ಚುಕ್ಕೆ. ಸೊಪ್ಪಿನ ಹೊರೆ ಹೊತ್ತು ಬಂದ ಅತ್ತೆ ಅದನ್ನು ಇಳಿಸಿ ಬಗ್ಗಿ ನೋಡಿದರು.

"ನಮ್ಮದು ಎಲ್ಲಿ ಉಂಟು?"

"ಇಲ್ಲ ಅತ್ತೆ. ಸೊಪ್ಪು ಕಡಿದದ್ದಕ್ಕೆ ಲೆಕ್ಕದಿಂದ ತೆಗೆದರು."

ಅತ್ತೆಯ ಮುಖ ಸಣ್ಣದಾಯಿತು.

"ಒಂದು ಮಾತು ಹೇಳಿದ್ದರೆ ನಾನು ಆಚೆ ಗುಡ್ಡದಿಂದ ತರ್ತಿದ್ದೆ ಮಗಾ."