ಡಬ್ಬಿ ದೇರಣ್ಣನ ಅಂಗೈ

ಕಲ್ಲುಗುಂಡಿ ಊರಿನ ಯಾವ ಮದುವೆಗೂ ಪುರೋಹಿತರು ತಡವಾಗಿ ಬಂದರೂ ನಡೆದೀತು, ಡಬ್ಬಿ ದೇರಣ್ಣ ಬಾರದಿದ್ದರೆ ಎಲೆಗೆ ತುಪ್ಪ ಬೀಳುವುದಿಲ್ಲ. ಮಹಾಯುದ್ಧದ ಕಾಲದಲ್ಲಿ ಮಿಲಿಟರಿಯ ಅಡುಗೆಮನೆಯಲ್ಲಿ ಐದು ವರ್ಷ ಬರೀ ಡಬ್ಬಿ ತೆರೆದು ಬಂದವರು ಅವರು. ಪುತ್ತೂರಿನಿಂದ ತಂದ, ಬೆಸುಗೆ ಹಾಕಿದ ತುಪ್ಪದ ಡಬ್ಬಿಯನ್ನು ಗಂಡಸರೆಲ್ಲ ಕತ್ತಿ, ಪಿಕ್ಕಾಸುಗಳಿಂದ ಬಡಿದು ಸೋತ ಮೇಲೆಯೇ ಅವರಿಗೆ ಕರೆ ಹೋಗುವುದು. ಸೊಂಟದ ಬೆಲ್ಟಿನಿಂದ ಒಂದು ಉಳಿ, ಒಂದು ಪುಟ್ಟ ಸುತ್ತಿಗೆ ಹೊರಬರುತ್ತವೆ. "ಹೊಡೆಯುದಲ್ಲ ಮಾರಾಯ್ರೆ, ಅದನ್ನು ಒಪ್ಪಿಸುದು" ಎನ್ನುತ್ತಾ ಟಕ್ ಟಕ್ ಎಂದು ಡಬ್ಬಿಗೆ ಒಂದು ಪ್ರದಕ್ಷಿಣೆ ಮುಗಿಸಿದರೆ, ಮುಚ್ಚಳ ಹಪ್ಪಳದ ಹಾಗೆ ಮೇಲೇಳುತ್ತದೆ. ಚಪ್ಪರವೆಲ್ಲ ಹೋ ಎನ್ನುತ್ತದೆ, ವಾಲಗದವರೂ ತಡೆಯಲಾರದೆ ಒಮ್ಮೆ ಊದಿಬಿಡುತ್ತಾರೆ. ಬಡಿಸುವವರು ಸೌಟು ಹಿಡಿದು ನುಗ್ಗಿದರೆ ಮಾತ್ರ ದೇರಣ್ಣ ಗುಡುಗುತ್ತಾರೆ: "ಎಂತ ಅವಸರ? ಕೆಲಸ ಇನ್ನೂ ಉಂಟು!" ಹರಿತವಾದ ಅಂಚನ್ನು ಒಳಕ್ಕೆ ಮಡಚಿ, ತಟ್ಟಿ, ಕೊನೆಗೆ ತಮ್ಮ ಅಂಗೈಯನ್ನೇ ಅದರ ಮೇಲೆ ಸುತ್ತಲೂ ಎಳೆಯುತ್ತಾರೆ. ರಕ್ತ ಬಂದರೆ ಮತ್ತೆ ತಟ್ಟುತ್ತಾರೆ, ಬರದಿದ್ದರೆ ಅಂಗೈಯನ್ನು ಎಲ್ಲರಿಗೂ ಎತ್ತಿ ತೋರಿಸಿ, "ಇನ್ನು ಬಡಿಸಿ" ಎನ್ನುತ್ತಾರೆ. ಆ ಅಂಗೈಯಲ್ಲಿ ಹಣೆಬರಹದ ಗೆರೆ ಯಾವುದು, ಗಾಯದ ಗೆರೆ ಯಾವುದು ಎಂದು ಜೋಯಿಸರಿಗೂ ತಿಳಿಯದು. ಊರಿನಲ್ಲಿ ಬೇರೆ ಯಾರ ಕೈಯಲ್ಲೂ ಡಬ್ಬಿ ಕೊಯ್ದ ಒಂದು ಗೀರೂ ಇಲ್ಲ.