ಗೆಜ್ಜೆ ಬಿಚ್ಚಿದರೆ ಬೆಲ್ಲ

ಬನಹಟ್ಟಿಯ ಗಂಡಸರಲ್ಲಿ ಅರ್ಧಕ್ಕರ್ಧ ಜನ ಗಂಗಾರಾಮನ ಕುದುರೆಯ ಮೇಲೆ ಕೂತು, ಜೀವ ಕೈಯಲ್ಲಿ ಹಿಡಿದುಕೊಂಡೇ ಮದುವೆಯ ಹಂದರಕ್ಕೆ ಹೋದವರು. ಹೆಂಡತಿಗೆ ಹೆದರುವ ಮೊದಲು ಅವರು ಹೆದರಿದ್ದು ಮೈನಾಗೆ. ಹಲಗಿ ವಾದ್ಯ ಬಡಿದರೆ ಸಾಕು, ಮುಂಗಾಲೆತ್ತಿ ಕುಣಿಯುವ ಕುದುರೆ ಅದು. ಹಿಂದೆ ಬಂದವರಿಗೆ ಒದೆ, ಮುಂದೆ ಬಂದವರಿಗೆ ಹಲ್ಲು. ಗಂಗಾರಾಮ ಒಬ್ಬನ ಮಾತು ಮಾತ್ರ ಕೇಳುತ್ತಿತ್ತು.

ಅವನು ನೇಕಾರರ ಮಗ. ಕೆಲವು ವರ್ಷ ತಾನೂ ಪಾವರ್‌ಲೂಮ್ ನಡೆಸಿದ, ಮನಸ್ಸು ನಿಲ್ಲಲಿಲ್ಲ. ಮರಿಯಿದ್ದಾಗ ಮೈನಾವನ್ನು ತಂದು, ವಾಡೆ ಎನ್ನುವ ಊರಿನ ಹಳೆ ದೊಡ್ಡಮನೆಯ ಹಿಂದಿನ ಲಾಯದಲ್ಲಿ ಕಟ್ಟಿ, ತಾನೇ ಕುಣಿತ ಕಲಿಸಿದ. ಮದುವೆಗೆ ಹೊರಡುವಾಗ ಕಾಲಿಗೆ ಗೆಜ್ಜೆ. ಕುಣಿತ ಮುಗಿದು ಗೆಜ್ಜೆ ಬಿಚ್ಚಿದಾಗ ಬಾಯಿಗೊಂದು ಬೆಲ್ಲದ ಉಂಡೆ. ಬೆಲ್ಲ ತಿಂದಿತೆಂದರೆ ಮೈನಾ ಪಾಲಿಗೆ ಕೆಲಸ ಮುಗಿಯಿತು. ಅಷ್ಟು ಹೊತ್ತು ಊರನ್ನೇ ನಡುಗಿಸಿದ್ದು ಆಮೇಲೆ ಆಕಳಿನ ಹಾಗೆ ತಲೆ ತಗ್ಗಿಸಿ ಅವನ ಹಿಂದೆ ಮನೆಗೆ ಬರುತ್ತಿತ್ತು.

ಈಗಿನ ಮದುಮಕ್ಕಳಿಗೆ ಕುದುರೆ ಬೇಡ, ತೆರೆದ ಜೀಪು ಬೇಕು, ಎದೆ ಒಡೆಯುವ ಡಿಜೆ ಬೇಕು. ಅದೂ ಹೋಗಲಿ ಅನ್ನೋಣ. ಇದ್ದ ಲಾಯಕ್ಕೂ ಸಂಚಕಾರ ಬಂತು. ವಾಡೆ ಕೆಡವಿ ಮಳಿಗೆ ಕಟ್ಟುವವರು ದೀಪಾವಳಿಯೊಳಗೆ ಜಾಗ ಬಿಡಿ ಎಂದರು. ಎರಡು ಕೋಣೆಯ ಮನೆಯಲ್ಲಿ ಕುದುರೆಯನ್ನು ಎಲ್ಲಿ ಕಟ್ಟುವುದು? ಮಿರಜದ ವ್ಯಾಪಾರಿಯೊಬ್ಬ ಆಗಲೇ ಕೇಳಿ ಹೋಗಿದ್ದ.

ಆಗ ಕರೆದವರು ಚನಮಲ್ಲಪ್ಪ ಸಾವಕಾರರು. ಜಮಖಂಡಿಯ ಹೊರಗೆ ಮಕ್ಕಳಿಗೆ ಸವಾರಿ ಕಲಿಸುವ ಶಾಲೆ ತೆರೆದಿದ್ದರು.

"ನಮ್ಮಲ್ಲಿ ಡ್ರೆಸಾಜ್ ಸ್ಪರ್ಧೆ ಐತಿ ಗಂಗಾರಾಮ. ಕುದರಿ ಹೇಳಿದಂಗ ನಡೀಬೇಕು, ತಿರುಗಬೇಕು, ನಿಂದ್ರಬೇಕು. ನೀ ಹೇಳಿದ್ದು ನೋಡೋರಿಗೆ ಕಾಣಬಾರ್ದು, ಕುದರಿಗಷ್ಟ ತಿಳೀಬೇಕು. ಮೈನಾ ಅಷ್ಟು ಮಾಡಿದ್ರ ಅದಕ್ಕ ಇಲ್ಲೇ ಲಾಯ, ನಿನಗ ಇಲ್ಲೇ ನೌಕರಿ."

"ಕುಣಿಯೋ ಕುದರಿ ನಿಂದ್ರತೈತೇನ್ರಿ?" ಎಂದು ಹೆಂಡತಿ ಸೋಮವ್ವ ನಕ್ಕಳು.

ಕಬ್ಬು ಕಡಿದ ಹೊಲದಲ್ಲಿ ಗಂಗಾರಾಮ ಸುಣ್ಣದ ಗೆರೆ ಎಳೆದ. ಮೈನಾ ಅವನನ್ನು ಕೆಡವಿತು. ಎದ್ದು ಹತ್ತಿದರೆ ಮತ್ತೆ ಕೆಡವಿತು. ಹಾಗೆ ಮೈಕೈ ನುಜ್ಜುಗುಜ್ಜಾದ ಮೇಲೆ ಒಂದು ದಿನ ಅದೇನು ತಿಳಿಯಿತೋ, ಮಂಡಿ ಒತ್ತಿದರೆ ನಡೆಯಿತು, ಉಸಿರು ಬಿಟ್ಟರೆ ನಿಂತಿತು. ಕಾಲಲ್ಲಿ ಗೆಜ್ಜೆ ಇಟ್ಟುಕೊಂಡೇ ಎಲ್ಲ ಕಲಿಯಿತು. ಸೋಮವ್ವ ನಗುವುದು ಬಿಟ್ಟು ದೇವರಿಗೆ ಹರಕೆ ಹೊತ್ತಳು.

ಸ್ಪರ್ಧೆಯ ದಿನ ಅಂಗಳದ ಬಾಗಿಲಲ್ಲಿ ಕುದುರೆಗಳನ್ನು ತಪಾಸಣೆ ಮಾಡುತ್ತಿದ್ದ ಹುಡುಗಿ ಅವನನ್ನು ತಡೆದಳು.

"ಕಾಕಾ, ಗೆಜ್ಜಿ ನಡಿಯಂಗಿಲ್ರಿ. ಬಿಚ್ಚಿ ಒಳಗ ಹೋಗ್ರಿ."

ಗಂಗಾರಾಮ ಬಗ್ಗಿ ಬಿಚ್ಚಿದ. ಮನಸ್ಸೆಲ್ಲ ಒಳಗಿನ ಗೆರೆಗಳ ಮೇಲಿತ್ತು. ಎಷ್ಟು ವರ್ಷದ ರೂಢಿ ಅದು! ಗೆಜ್ಜೆ ಬಿಚ್ಚಿದ ಕೈ ತಾನಾಗಿ ಜೇಬಿಗೆ ಹೋಯಿತು, ಬೆಲ್ಲ ತಾನಾಗಿ ಮೈನಾ ಬಾಯಿಗೆ ಹೋಯಿತು. ಕಟುಂ ಎಂದು ಕಡಿದ ಸಪ್ಪಳ ಕೇಳಿದ ಮೇಲೆ ತಾನು ಮಾಡಿದ್ದೇನೆಂದು ಅವನಿಗೆ ಹೊಳೆಯಿತು. ಅಷ್ಟರಲ್ಲಿ ಒಳಗಿನಿಂದ ಅವನ ಹೆಸರು ಕರೆದರು.

ಅವನು ಹತ್ತಿ ಕೂತ, ಮೈನಾ ತಲೆ ತಗ್ಗಿಸಿಕೊಂಡು ಒಳಗೆ ಹೋಯಿತು. ನಾಲ್ಕು ಹೆಜ್ಜೆ ಇಟ್ಟು ಬಾಗಿಲ ಕಡೆ ತಿರುಗಿತು. ಗಂಗಾರಾಮ ಮಂಡಿ ಒತ್ತಿದ. ಕಿವಿ ಹಿಂದಕ್ಕೆ ಹೋದವು. "ಇದೊಂದ ಸಲ, ನನ್ನವ್ವ," ಎಂದು ಗೋಗರೆದು ಮತ್ತೆ ಒತ್ತಿದ. ಕೆಲಸ ಮುಗಿಸಿ ಕೈ ತೊಳೆದವರಿಗೆ ಮತ್ತೆ ಕೆಲಸ ಹೇಳಿದರೆ ಮನುಷ್ಯರೇ ತಡೆಯುವುದಿಲ್ಲ, ಮೈನಾ ತಡೆದೀತೇ? ಹಿಂಗಾಲ ಮೇಲೆ ನಿಂತಿತು, ಬಿಳಿ ಬೇಲಿ ಮುರಿಯಿತು, ಅವನನ್ನು ಹೊತ್ತುಕೊಂಡೇ ಬನಹಟ್ಟಿಯ ರಸ್ತೆಗೆ ಬಂದು ನಿಂತಿತು. ಒಳಗೆ ಗಂಟೆ ಬಾರಿಸಿದರು. ಸ್ಪರ್ಧೆಯಿಂದ ಹೊರಗೆ ಎಂದು ಅದರ ಅರ್ಥ.

"ಅಕಿದೇನ ತಪ್ಪಿಲ್ರಿ, ನಂದು," ಎಂದ ಗಂಗಾರಾಮ.

"ಇರಬಹುದಪಾ," ಎಂದರು ಸಾವಕಾರರು. "ಆದ್ರ ಸಣ್ಣ ಮಕ್ಕಳು ಹತ್ತೋ ಜಾಗ ಇದು. ಹೆಂಗ ಇಟ್ಕೊಳ್ಳಲಿ ಹೇಳು."

ಗಂಗಾರಾಮ ಲಗಾಮು ಹಿಡಿದುಕೊಂಡು ಬನಹಟ್ಟಿಯ ಕಡೆ ನಡೆದ.

ದೀಪಾವಳಿಗೆ ಮೊದಲೇ ಮಿರಜದವನ ಟೆಂಪೊ ಓಣಿಗೆ ಬಂತು. ಮೈನಾ ಹತ್ತಲೊಲ್ಲದು. ಹಗ್ಗ ಹಾಕಿ ಎಳೆದವನ ತೊಡೆಗೆ ಒದೆಯಿತು. ವ್ಯಾಪಾರಿ ಚಾಬೂಕು ತೆಗೆದ.

"ಬ್ಯಾಡ್ರಿ," ಎಂದ ಗಂಗಾರಾಮ. "ನಾ ಹತ್ತಿಸ್ತೇನಿ."

ಒಳಗಿನಿಂದ ಗೆಜ್ಜೆ ತಂದು ನಾಲ್ಕೂ ಕಾಲಿಗೆ ಕಟ್ಟಿದ. ಟೆಂಪೊದ ತಗಡಿನ ಮೇಲೆ ಅಂಗೈಯಿಂದ ಹಲಗಿಯ ಪೆಟ್ಟು ಹಾಕಿದ. ಮೈನಾ ಕುಣಿಯಿತು. ಮಗ್ಗ ನಿಲ್ಲಿಸಿ ಜನ ಹೊರಗೆ ಬಂದು ನೋಡಿದರು. ಸೋಮವ್ವ ಮಾತ್ರ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು, ಗಂಡ ಏನು ಮಾಡುತ್ತಿದ್ದಾನೆಂದು ಅವಳಿಗೆ ಗೊತ್ತಾಗಿತ್ತು.

ಅವನು ಬಗ್ಗಿ ಗೆಜ್ಜೆ ಬಿಚ್ಚಿದ. ಬಾಯಿಗೆ ಬೆಲ್ಲ ಇಟ್ಟ. ಮೈನಾ ತಲೆ ತಗ್ಗಿಸಿತು, ಅವನ ಹಿಂದೆ, ಆನಿಸಿಟ್ಟ ಮರದ ಹಲಗೆ ಹತ್ತಿ ಟೆಂಪೊದೊಳಗೆ ಹೋಗಿ ಸುಮ್ಮನೆ ನಿಂತಿತು.

ಗಂಗಾರಾಮನಿಗೆ ಅಲ್ಲೇ ಸತ್ತುಹೋಗಬೇಕೆನ್ನಿಸಿತು. ಕೆಳಗಿಳಿದು ಗೆಜ್ಜೆಯನ್ನು ವ್ಯಾಪಾರಿಯ ಕೈಗಿಟ್ಟ.

"ಬಿಚ್ಚಿದಾಗ ಬೆಲ್ಲ ಕೊಡ್ರಿ," ಎಂದ. "ಕೊಟ್ರ, ಮನಿಗೆ ಹೊಂಟೇವಿ ಅಂತ ತಿಳ್ಕೋತೈತಿ."